ನಿಯತ್ತು ಎಂದು ಬರೆಯುವ ಮೊದಲು

ಪ್ರೀತಿಯ ತಮ್ಮಾ,

ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಆಟಗಾರ ಬಾಬ್ ಕ್ರಾಂಪ್ಟನ್ ಬಗ್ಗೆ ನೀನು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಪುಟದಲ್ಲೇ ‘ನಿಷ್ಠೆ’ ಹನ್ನೊಂದು ಸಲ ಬಂದಿದೆ, ಸುಮ್ನೆ ಎಣಿಸಿದೆ. ಬೇಜಾರು ಮಾಡಿಕೊಳ್ಳಬೇಡ. 1896ರಲ್ಲಿ ತನ್ನೂರಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್ ಸೇರಿದ ಹುಡುಗ 1920ರವರೆಗೂ ಅಲ್ಲೇ ರೈಟ್ ಬ್ಯಾಕ್ (ಬಲಗಡೆಯ ರಕ್ಷಣಾ ಆಟಗಾರ) ಆಗಿ ಆಡಿದ್ದು, ಐನೂರಕ್ಕೂ ಜಾಸ್ತಿ ಲೀಗ್ ಪಂದ್ಯ, ಇಂಗ್ಲೆಂಡ್ ಪರ 41, 1912 ಮತ್ತು 1914ರ ಲೀಗ್ ಪ್ರಶಸ್ತಿ, ಎಲ್ಲ ಸರಿಯಾಗಿದೆ. ಆದರೆ ಓದಿದರೆ ಶಾಲು ಹೊದಿಸುವಾಗ ಮೈಕಿನಲ್ಲಿ ಓದುತ್ತಾರಲ್ಲ, ಆ ಸನ್ಮಾನ ಪತ್ರದ ಹಾಗಿದೆ.

ಒಂದು ಪ್ರಶ್ನೆ ಕೇಳುತ್ತೇನೆ. ಆತ ಬಿಟ್ಟು ಹೋಗಬಹುದಿತ್ತಾ?

ಆಗಿನ ನಿಯಮ ನೋಡು. ಒಪ್ಪಂದದ ವರ್ಷ ಮುಗಿದರೂ ಕ್ಲಬ್ ‘ಬಿಡಲ್ಲ’ ಅಂದರೆ ಮುಗಿಯಿತು, ಆಟಗಾರ ಲೀಗಿನ ಬೇರೆ ತಂಡಕ್ಕೆ ಹೋಗುವಂತಿರಲಿಲ್ಲ. ಅದರ ಮೇಲೆ 1901ರಿಂದ ವಾರಕ್ಕೆ 4 ಪೌಂಡಿಗಿಂತ ಜಾಸ್ತಿ ಸಂಬಳ ಯಾವ ಕ್ಲಬ್ಬೂ ಕೊಡುವ ಹಾಗಿಲ್ಲ, ಅಂದಮೇಲೆ ಹೋಗಿ ಸಿಗುವುದಾದರೂ ಏನು? ಆ ಕಾಲದ ಎಷ್ಟೋ ಆಟಗಾರರ ನಿಯತ್ತಿನಲ್ಲಿ ಈ ಕಟ್ಟುಪಾಡಿನ ಪಾಲು ಎಷ್ಟು ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ ಬಿಡು. ಮೂವತ್ತು ವರ್ಷ ಒಂದೇ ಶಾಲೆಯಲ್ಲಿದ್ದ ಮೇಷ್ಟ್ರೊಬ್ಬರ ಬಗ್ಗೆ ಒಮ್ಮೆ ಕಣ್ಣೀರು ಬರುವ ಹಾಗೆ ಬರೆದಿದ್ದೆ. ಅದನ್ನು ಓದಿದ ಆ ಮೇಷ್ಟ್ರೇ, “ಏಳು ಸಲ ವರ್ಗಾವಣೆ ಕೇಳಿದ್ದೆ ಕಣಯ್ಯಾ, ಕೊಡಲಿಲ್ಲ” ಅಂದರು.

ಹಾಗಂತ ಕ್ರಾಂಪ್ಟನ್‌ನನ್ನು ಕೆಳಗಿಳಿಸು ಅನ್ನುತ್ತಿಲ್ಲ. 1920ರಲ್ಲಿ ಆಟ ನಿಂತಿತು, ಆಟಗಾರನ ಆ ಕಟ್ಟೂ ಬಿಚ್ಚಿತು. ಪ್ಲಂಬರ್ ಕೆಲಸ ಕಲಿತಿದ್ದ ಮನುಷ್ಯ, ತನ್ನ ಪಾಡಿಗೆ ಇರಬಹುದಿತ್ತು. ಆದರೂ ಕ್ಲಬ್ಬಿನ ಡೈರೆಕ್ಟರ್ ಆದ, 1926ರಲ್ಲಿ ತಂಡ ನಡೆಸುವ ಹೊಣೆ ಹೊತ್ತ, ಇಂಗ್ಲೆಂಡಿನ ದೊಡ್ಡ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ 1928ರ ಫೈನಲ್‌ನಲ್ಲಿ ಹಡರ್ಸ್‌ಫೀಲ್ಡ್ ತಂಡವನ್ನು 3-1ರಿಂದ ಸೋಲಿಸಿದ ತಂಡ ಆತನದೇ. 1931ರಲ್ಲಿ ಹೊರಬಿದ್ದ. ಆಮೇಲೆ ಬೋರ್ನ್‌ಮತ್ ಅನ್ನುವ ಬೇರೆ ಕ್ಲಬ್ಬಿನಲ್ಲಿ ಸ್ವಲ್ಪ ಕಾಲ ಮ್ಯಾನೇಜರ್ ಆಗಿದ್ದ. ಇದನ್ನು ನೀನು ಬಿಟ್ಟೇಬಿಟ್ಟಿದ್ದೀಯ! ‘ಒಂದೇ ಕ್ಲಬ್, ಒಂದೇ ಬದುಕು’ ಅನ್ನುವ ತಲೆಬರಹ ಕೆಡುತ್ತದೆ ಅಂತ ತಾನೇ? ತಲೆಬರಹ ಕೆಡಲಿ. ಹೋದವನು 1938ರಲ್ಲಿ, ಅರವತ್ತರ ಹತ್ತಿರದಲ್ಲಿ, ಲೀಗಿನ ಕೆಳಗಿನ ಹಂತವಾದ ಎರಡನೇ ಡಿವಿಷನ್‌ಗೆ ಬಿದ್ದಿದ್ದ ಬ್ಲ್ಯಾಕ್‌ಬರ್ನ್‌ಗೇ ಮ್ಯಾನೇಜರ್ ಆಗಿ ವಾಪಸ್ ಬಂದ. ಮರುವರ್ಷ ಆ ಡಿವಿಷನ್ ಗೆಲ್ಲಿಸಿದ. ಯಾರೂ ಹಿಡಿದಿಡದಿದ್ದಾಗ ಬಂದದ್ದು ಇದು. ನಿನ್ನ ಲೇಖನದ ಜೀವ ಇಲ್ಲಿದೆ, ಇಲ್ಲಿ ನಿಧಾನಿಸು.

ಊರಿನ ಬಗ್ಗೆಯೂ ಬರಿ. ಬ್ಲ್ಯಾಕ್‌ಬರ್ನ್ ಮಗ್ಗದ ಗಿರಣಿಗಳ ಊರು, ನಮ್ಮ ದೇಶಕ್ಕೆ ಪಂಚೆ ನೇಯ್ದು ಕಳಿಸುತ್ತಿದ್ದ ಊರು. ಆತ ಕ್ಲಬ್ ಬಿಟ್ಟ 1931ರಲ್ಲೇ ಗಾಂಧೀಜಿ ಪಕ್ಕದ ಡಾರ್ವೆನ್‌ಗೆ ಹೋಗಿ ಗಿರಣಿ ಕೆಲಸಗಾರರನ್ನು ಕಂಡಿದ್ದು. ಇದಕ್ಕೆ ಒಂದು ಪ್ಯಾರಾ ಸಾಕು, ಗಾಂಧೀಜಿ ಬಂದರೆ ಫುಟ್‌ಬಾಲ್ ಮರೆತೇಹೋಗುತ್ತದೆ.

ಕೊನೆಯದು ಸಾವು. 1941ರ ಮಾರ್ಚ್ 15ರಂದು ಬರ್ನ್ಲಿ ತಂಡದ ಜೊತೆಗಿನ ಬ್ಲ್ಯಾಕ್‌ಬರ್ನ್ ಪಂದ್ಯ ನೋಡಲು ಹೋದಾಗ ಹೃದಯಾಘಾತವಾಗಿ ಆ ದಿನವೇ ತೀರಿಕೊಂಡ. ನೀನು ಇದರಿಂದಲೇ ಶುರು ಮಾಡಿದ್ದೀಯ, ಅದೂ ‘ಹುತಾತ್ಮ’ ಅನ್ನುವ ಪದದ ಜೊತೆ. ಪಂದ್ಯ ನೋಡಲು ಹೋಗಿದ್ದ ಕಣೋ. ಅಷ್ಟೇ ಬರಿ, ಕೊನೆಯಲ್ಲಿ ಬರಿ.

ತಿದ್ದಿದ್ದನ್ನು ದೀಪಾವಳಿಯೊಳಗೆ ಕಳಿಸು. ಬೋರ್ನ್‌ಮತ್ ಇಲ್ಲದಿದ್ದರೆ ಓದುವುದಿಲ್ಲ.

ನಿನ್ನ ಅಣ್ಣ