ಉಪ್ಪುನೀರಿನ ತರಕಾರಿ ಜಾಡಿಗಳ ಮುಚ್ಚಳದ ಕುರಿತು ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಗಜ್ಜರಿ, ಎಲೆಕೋಸು, ಮೂಲಂಗಿಯನ್ನು ಉಪ್ಪುನೀರಿನಲ್ಲಿ ಹುಳಿಯಲು ಇಟ್ಟಿರುವವರು ದಯವಿಟ್ಟು ಗಮನಿಸಬೇಕು. ದಾವಣಗೆರೆಯ ಬೇಸಿಗೆಯಲ್ಲಿ ಹುದುಗುವಿಕೆ ಬೇಗ ಸಾಗುವುದರಿಂದ ಮೊದಲ ನಾಲ್ಕೈದು ದಿನ ಜಾಡಿಯೊಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹುಟ್ಟುತ್ತದೆ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿಟ್ಟರೆ ಒತ್ತಡಕ್ಕೆ ಗಾಜು ಒಡೆಯಲೂಬಹುದು. ಆದ್ದರಿಂದ ಮುಚ್ಚಳವನ್ನು ಸಡಿಲವಾಗಿಯೇ ಇಡಿ, ಇಲ್ಲವೇ ಬೆಳಿಗ್ಗೆ ಮತ್ತು ಸಂಜೆ, ಪೂರ್ತಿ ತೆಗೆಯದೆ, ತುಸುವೇ ತಿರುಗಿಸಿ ಗಾಳಿಯನ್ನು ಹೊರಬಿಟ್ಟು ಮತ್ತೆ ಮುಚ್ಚಿ. ಜಾಡಿಯ ಬಾಯಿಂದ ಎರಡು ಬೆರಳಿನಷ್ಟು ಜಾಗ ಖಾಲಿ ಇರಲಿ, ಅಡಿಯಲ್ಲೊಂದು ತಟ್ಟೆಯೂ ಇರಲಿ. ಉಕ್ಕಿದ ಹುಳಿನೀರು ಅಡುಗೆಕಟ್ಟೆಯ ಕಡಪ ಕಲ್ಲಿನ ಹೊಳಪನ್ನೇ ತಿನ್ನುತ್ತದೆ. ತಗಡಿನ ಮುಚ್ಚಳಕ್ಕೆ ತುಕ್ಕು ಹಿಡಿಯುವುದರಿಂದ ಪ್ಲಾಸ್ಟಿಕ್ಕಿನದೇ ಲೇಸು. ತರಕಾರಿ ಮಾತ್ರ ಸದಾ ನೀರಿನಡಿ ಮುಳುಗಿರಬೇಕು, ಏಕೆಂದರೆ ಮೇಲೆ ತೇಲಿದ ತುಂಡಿಗೇ ಮೊದಲು ಬೂಷ್ಟು ಹಿಡಿಯುವುದು. ಗುಳ್ಳೆ ಕಡಿಮೆಯಾಗಿ ಹುಳಿ ಹದಕ್ಕೆ ಬಂದ ಮೇಲೆ ಜಾಡಿಯನ್ನು ಫ್ರಿಜ್ಜಿನಲ್ಲಿ ಇಡಬಹುದು.