ಕೊರೊ ಹೋದ ಮೇಲೆ: ಗೋವಾದಿಂದ ಗೆಳೆಯನಿಗೊಂದು ಪತ್ರ

ದೋಸ್ತ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ತಲೆಯಲ್ಲಿ ಕೂತಿದೆ. "ನಿಮ್ಮ ಗೋವಾ ಫುಟ್‌ಬಾಲ್ ತಂಡದ ಫಾರಿನ್ ಆಟಗಾರರ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಅವರು ಗಂಟುಮೂಟೆ ಕಟ್ಟಿರುತ್ತಾರೆ. ಅಂಥವರಿಗೆ ಯಾಕೆ ಇಷ್ಟು ಗಂಟಲು ಹರಿದುಕೊಳ್ಳುತ್ತೀಯ?" ಅಂದೆ. ಅವತ್ತು ಉತ್ತರ ಹೊಳೆಯಲಿಲ್ಲ. ಇವತ್ತು ಭಾನುವಾರ. ಮಡಗಾಂವಿನಲ್ಲಿ ಬೆಳಗಿನಿಂದ ಮಳೆ ಹಿಡಿದುಕೊಂಡಿದೆ. ಕೂತು ಬರೆಯುತ್ತಿದ್ದೇನೆ.

ಧಾರವಾಡದಲ್ಲಿ ನಾವಿಬ್ಬರೂ ಆಡಿದ್ದು ಬರೀ ಕ್ರಿಕೆಟ್. ಫುಟ್‌ಬಾಲ್ ಹುಚ್ಚು ನನಗೆ ಹತ್ತಿದ್ದು ವೆರ್ಣಾದಲ್ಲಿ ಕೆಲಸ ಸಿಕ್ಕು ಇಲ್ಲಿಗೆ ಬಂದ ಮೇಲೆ. ಹತ್ತಿಸಿದವನು ಫೆರಾನ್ ಕೊರೊಮಿನಾಸ್. ಎಲ್ಲರ ಬಾಯಲ್ಲೂ ಕೊರೊ. 2017ರಲ್ಲಿ ಸ್ಪೇನ್‌ನಿಂದ ಬಂದಾಗ ಅವನಿಗೆ ಆಗಲೇ 34 ವರ್ಷ. ಎತ್ತರದ ಆಳಲ್ಲ, ಮೈಮೇಲೆ ಬಿದ್ದು ಚೆಂಡು ಕಿತ್ತುಕೊಳ್ಳುವವನೂ ಅಲ್ಲ. ಡಿಫೆಂಡರ್ ಬೆನ್ನ ಹಿಂದೆ ಸುಮ್ನೆ ಅಡ್ಡಾಡಿಕೊಂಡಿರುತ್ತಿದ್ದ. ಪಾಸ್ ಕೊಡುವವನು ತಲೆ ಎತ್ತುವ ಹೊತ್ತಿಗೆ ಇವನ ಓಟ ಶುರುವಾಗಿರುತ್ತಿತ್ತು. ಟಿವಿಯಲ್ಲಿ ಇದು ಕಾಣುವುದಿಲ್ಲ, ಅಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಇರುತ್ತದೆ. ಇಲ್ಲಿಯ ಫತೋರ್ಡಾ ಸ್ಟೇಡಿಯಂನ ಗ್ಯಾಲರಿಯಲ್ಲಿ ಕೂತರೆ ಅವನೊಬ್ಬನನ್ನೇ ನೋಡುತ್ತಾ ಇರಬಹುದಿತ್ತು. ನಾನು ನೋಡಿದ್ದೂ ಹಾಗೇ. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಮೂರು ಸೀಸನ್, 57 ಪಂದ್ಯ, 48 ಗೋಲು.

2019ರ ಮಾರ್ಚ್ 17, ಮುಂಬೈಯಲ್ಲಿ ನಿಮ್ಮ ಬೆಂಗಳೂರಿನ ಎದುರು ನಾವು ಆಡಿದ ಲೀಗ್ ಫೈನಲ್ ನಿನಗೆ ನೆನಪಿದ್ದೇ ಇರುತ್ತದೆ. 117ನೇ ನಿಮಿಷದಲ್ಲಿ ನಿಮ್ಮ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಈಗಲೂ ಹೊಟ್ಟೆ ಉರಿಯುತ್ತದೆ.

ಮರುವರ್ಷ ಗೋವಾ ಲೀಗ್ ಪಟ್ಟಿಯಲ್ಲಿ ಮೊದಲು ಬಂತು. ಅದರಿಂದ ಏಷ್ಯಾದ ಕ್ಲಬ್‌ಗಳ ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೆ ಜಾಗ ಸಿಕ್ಕಿತು, ಭಾರತದ ಒಂದು ಕ್ಲಬ್‌ಗೆ ಅದೇ ಮೊದಲು. ಆದರೆ ನಮ್ಮ ಲೀಗಿನ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಚೆನ್ನೈ ತಂಡದ ಎದುರು ಅವರ ಊರಲ್ಲೇ 4-1ರಿಂದ ಸೋತರು. 2020ರ ಮಾರ್ಚ್ 7ರಂದು ಫತೋರ್ಡಾದಲ್ಲಿ 4-2ರಿಂದ ಗೆದ್ದರೂ ಒಟ್ಟು ಲೆಕ್ಕದಲ್ಲಿ ಒಂದೇ ಗೋಲಿನಿಂದ ಹೊರಬಿದ್ದರು. ಅವತ್ತು ರಾತ್ರಿ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಗೇಟು ದಾಟಿದೆ. ಮತ್ತೆ ಆ ಗೇಟು ನಮಗೆ ಯಾವಾಗ ತೆರೆಯುತ್ತದೆ ಅಂತ ಯಾರಿಗೆ ಗೊತ್ತಿತ್ತು? ಕೊರೊನಾ ಬಂತು. ಕೊರೊ ಹೋದ. ನಮ್ಮ ಫಾರಿನ್ ಆಟಗಾರರಾದ ಬೂಮೂಸ್, ಜಾಹು, ಮುರ್ತಾದಾ ಫಾಲ್ ಮೂವರೂ ಕೋಚ್ ಲೊಬೇರಾ ಜೊತೆ ಮುಂಬೈ ಸಿಟಿ ಸೇರಿದರು. ನಮ್ಮ ಗೋವಾದ ಹುಡುಗ ಮಂದಾರ್ ರಾವ್ ದೇಸಾಯಿ ಕೂಡ ಅಲ್ಲಿಗೇ ಹೋದ. ಎದ್ದು ನಿಂತು ಒಂದು ಚಪ್ಪಾಳೆ ತಟ್ಟಿ ಕಳಿಸಿಕೊಡಲೂ ನಮಗೆ ಆಗಲಿಲ್ಲ.

ಆಮೇಲೆ ಬಂದ ಸೀಸನ್ನೇ ನಿನ್ನ ಪ್ರಶ್ನೆಗೆ ಉತ್ತರ.

2020-21ರಲ್ಲಿ ಇಡೀ ಲೀಗ್ ಗೋವಾದಲ್ಲೇ ನಡೆಯಿತು. ಫತೋರ್ಡಾ, ಬಾಂಬೋಳಿ, ವಾಸ್ಕೋ ಮೂರೇ ಮೈದಾನ. ದೇಶದ ಎಲ್ಲ ತಂಡಗಳೂ ನಮ್ಮ ಊರಲ್ಲಿದ್ದವು, ನಮಗೆ ಮಾತ್ರ ಒಳಗೆ ಬಿಡುತ್ತಿರಲಿಲ್ಲ. ನಮ್ಮ ಮನೆ ತಾರಸಿಯಿಂದ ಸ್ಟೇಡಿಯಂ ಲೈಟು ಕಾಣುತ್ತದೆ. ಮುಂಚೆ ಗೋಲಾದರೆ ಗಾಳಿಯಲ್ಲಿ ಕೂಗು ಮೊದಲು ಬರುತ್ತಿತ್ತು, ಟಿವಿಯಲ್ಲಿ ಗೋಲು ನಾಲ್ಕೈದು ಸೆಕೆಂಡ್ ತಡ. ಪಂದ್ಯಕ್ಕೆ ಹೋಗದ ದಿನ ಇವಳು ಅಡುಗೆಮನೆಯಿಂದಲೇ "ಗೋಲಾಯ್ತು ನೋಡ್ರಿ" ಅನ್ನುತ್ತಿದ್ದಳು. ನವೆಂಬರ್ 22ರಂದು ನಿಮ್ಮ ಬೆಂಗಳೂರಿನ ಜೊತೆ ಮೊದಲ ಪಂದ್ಯ. ನಾನೂ ಮಗನೂ ಫೋನ್ ಹಿಡಿದು ತಾರಸಿಗೆ ಹೋದೆವು. ನೀವು ಎರಡು ಗೋಲು ಮುಂದಿದ್ದಿರಿ. ಆಗ ಹೊಸಬ ಇಗೋರ್ ಆಂಗುಲೊ, 36 ವರ್ಷದವನು, ಮೂರೇ ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದ. 2-2. ಎದುರಿಗೆ ಲೈಟು ಹಗಲಿನಂತೆ ಉರಿಯುತ್ತಿದೆ, ಅಲ್ಲಿಂದ ಒಂದು ಸದ್ದಿಲ್ಲ. ಮಗ ಫೋನು ನೋಡಿದ, ಸ್ಟೇಡಿಯಂ ನೋಡಿದ, ನನ್ನ ಮುಖ ನೋಡಿದ. "ಅಪ್ಪಾ, ನಿಜವಾಗ್ಲೂ ಅಲ್ಲೇ ಆಗಿದ್ದಾ?" ಅಂದ.

ಆ ಸೀಸನ್‌ನಲ್ಲಿ ಆಂಗುಲೊ 14 ಗೋಲು ಹೊಡೆದು, ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಗೆದ್ದ. ಸೆಮಿಫೈನಲ್‌ನಲ್ಲಿ ಸಿಕ್ಕಿದ್ದು ಅದೇ ಮುಂಬೈ. ಮೊದಲ ಪಂದ್ಯ 2-2. ಮುಂಬೈನ ಎರಡು ಗೋಲು ಹೊಡೆದವರು ಯಾರು ಗೊತ್ತಾ? ಬೂಮೂಸ್ ಮತ್ತು ಫಾಲ್. ಹೋದ ವರ್ಷ ನಾವೇ ಹೆಸರು ಕೂಗಿ ಕುಣಿದವರು. ನಮ್ಮದೊಂದು ಆಂಗುಲೊ, ಇನ್ನೊಂದು ಇಲ್ಲಿಯ ಹುಡುಗ ಸೇವಿಯರ್ ಗಾಮಾ. ಎರಡನೇ ಪಂದ್ಯ ಗೋಲಿಲ್ಲದೆ ಮುಗಿದು ಶೂಟೌಟ್‌ನಲ್ಲಿ 6-5ರಿಂದ ಸೋತೆವು. ಏಪ್ರಿಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಬಂತು, ಅದೂ ಫತೋರ್ಡಾದಲ್ಲೇ, ಅದೂ ಖಾಲಿ ಗ್ಯಾಲರಿಗೆ. ಆಗ ಅಲ್ಲಿ ಒಂದು ತಂಡಕ್ಕೆ ಮೂವರು ಫಾರಿನ್ ಆಟಗಾರರು, ಜೊತೆಗೆ ಏಷ್ಯಾದ ಒಬ್ಬ, ಅಷ್ಟೇ ಇರಬಹುದಿತ್ತು. 14 ಗೋಲಿನ ಆಂಗುಲೊನಿಗೇ ಜಾಗ ಸಿಗಲಿಲ್ಲ. ಇರಾನಿನ ಪರ್ಸೆಪೊಲಿಸ್ ಎದುರು ನಮ್ಮ ಎಡು ಬೇಡಿಯಾ ಗೋಲು ಹೊಡೆದ, ಆ ಟೂರ್ನಿಯ ಗುಂಪು ಹಂತದಲ್ಲಿ ಭಾರತದ ಕ್ಲಬ್ಬೊಂದರ ಮೊದಲ ಗೋಲು. ಅದನ್ನೂ ತಾರಸಿಯಲ್ಲೇ ನೋಡಿದೆವು.

ಮರುವರ್ಷ ಆಂಗುಲೊ ಕೂಡ ಮುಂಬೈಗೆ ಹೋದ. ಯೋಚನೆ ಮಾಡು ದೋಸ್ತ. ಗೋವಾದ ಕಿತ್ತಳೆ ಅಂಗಿ ತೊಟ್ಟು 14 ಗೋಲು ಹೊಡೆದವನನ್ನು ಗ್ಯಾಲರಿಯಲ್ಲಿ ಕೂತು ಕಣ್ಣಾರೆ ಕಂಡ ಅಭಿಮಾನಿ ಒಬ್ಬನೂ ಇಲ್ಲ. ಅವನು ಬಂದ, ಹೊಡೆದ, ಹೋದ.

ಹೋದವರ ಮೇಲೆ ನನಗೆ ಸಿಟ್ಟಿಲ್ಲ. ಮೂವತ್ತು ದಾಟಿದವರು, ಒಂದೆರಡು ವರ್ಷದ ಕರಾರು, ಎಲ್ಲಿ ಒಳ್ಳೆಯ ಸಂಬಳವೋ ಅಲ್ಲಿ ಹೋಗುತ್ತಾರೆ. ನಾನೂ ಧಾರವಾಡ ಬಿಟ್ಟು ಬಂದದ್ದು ಹಾಗೇ ಅಲ್ವಾ? ಆದರೆ ಆ ವರ್ಷ ಆದ ಮೇಲೆ ನಾನು ಪಂದ್ಯ ತಪ್ಪಿಸುವುದಿಲ್ಲ. 2022ರಲ್ಲಿ ಗೇಟು ತೆರೆದ ಮೇಲೆ ಶಿಫ್ಟ್ ಬದಲಾಯಿಸಿಕೊಂಡಾದರೂ ಹೋಗುತ್ತೇನೆ. ಬರೀ ಎಂಟು ತಿಂಗಳು ಇರುವವನನ್ನು ಆ ಎಂಟು ತಿಂಗಳಲ್ಲೇ ನೋಡಬೇಕು, ಮುಂದಿನ ವರ್ಷ ನೋಡಿದರಾಯಿತು ಅನ್ನುವ ಹಾಗಿಲ್ಲ. ಗಂಟಲು ಹರಿದುಕೊಳ್ಳುವುದು ಅದಕ್ಕೇ. 2020-21ರ ಆ ಸೀಸನ್‌ನಲ್ಲಿ ನಮ್ಮಲ್ಲಿದ್ದ ನೊಗೇರಾ 2024ರಲ್ಲಿ ನಿಮ್ಮ ಬೆಂಗಳೂರಿಗೆ ಬಂದ. ನೀನೂ ಅವನಿಗೆ ಕೂಗಿದ್ದೀಯ, ನನಗೆ ಗೊತ್ತು.

ಮಗನ ಎಂಟನೇ ನಂಬರಿನ ಕೊರೊ ಅಂಗಿ ಈಗ ಅವನಿಗೆ ಗಿಡ್ಡ. ಕುತ್ತಿಗೆ ಹತ್ತಿರ ಬಣ್ಣ ಹೋಗಿದೆ, ಬೆನ್ನ ಮೇಲಿನ ಅಕ್ಷರ ಅರ್ಧ ಕಿತ್ತಿದೆ. ಮಗಳು ಅದನ್ನು ಹಾಕಿಕೊಂಡೇ ಪಂದ್ಯಕ್ಕೆ ಬರುತ್ತಾಳೆ. ಅವಳು ಕೊರೊನನ್ನು ನೋಡಿಲ್ಲ.

ಈ ಸಲ ಬೆಂಗಳೂರು ತಂಡ ಇಲ್ಲಿಗೆ ಬಂದಾಗ ನೀನೂ ಬಾ. ನೀಲಿ ಅಂಗಿ ಹಾಕಿಕೊಂಡೇ ಬಾ. ಪಂದ್ಯ ಮುಗಿದ ಮೇಲೆ ಗಾಡಿಯ ಹತ್ತಿರ ನಿಂತು ರೋಸ್ ಆಮ್ಲೆಟ್, ಅಂದರೆ ಮಸಾಲೆ ಗ್ರೇವಿ ಹಾಕಿದ ಆಮ್ಲೆಟ್, ತಿನ್ನೋಣ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಗೆಳೆಯ
ಮಡಗಾಂವಿನಿಂದ