ನಾಯಿಗಳು ಸುಮ್ಮನಿದ್ದ ಮಧ್ಯಾಹ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಕಾಗದ ಬಂದು ಮೂರು ವಾರಗಳಾದವು. ಮುಂದಿನ ತಿಂಗಳು ನಿನ್ನ ನಾಯಿಯನ್ನು ಕರೆದುಕೊಂಡು ಮೊದಲ ಬಾರಿಗೆ ಕ್ಯಾಂಪರ್ ಟ್ರೇಲರಿನಲ್ಲಿ, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಆ ಪುಟ್ಟ ಮನೆಯಲ್ಲಿ, ಹೊರಡುತ್ತಿರುವುದಾಗಿಯೂ, ಅದು ದಾರಿಯಲ್ಲಿ ಸುರಕ್ಷಿತವಾಗಿ ಮತ್ತು ಸುಖವಾಗಿ ಇರಬೇಕಾದರೆ ಏನೇನು ಮಾಡಬೇಕೆಂಬುದನ್ನು ವಿವರವಾಗಿ ತಿಳಿಸಬೇಕೆಂದೂ ಬರೆದಿದ್ದೆ. ನಾಲ್ಕು ವರ್ಷಗಳಿಂದ ನನ್ನ ನಾಯಿಗಳಾದ ಭೈರ ಮತ್ತು ಪುಟ್ಟಿಯ ಜೊತೆ ಸುತ್ತಾಡಿದ ನನಗೆ ಇದು ಅರ್ಧ ಗಂಟೆಯ ಕೆಲಸವಾಗಬೇಕಿತ್ತು. ಆದರೆ ಬರೆಯಲು ಕುಳಿತಾಗಲೆಲ್ಲ ಒಂದು ಸಂಗತಿ ಅಡ್ಡ ಬಂದು ನಿಲ್ಲುತ್ತಿತ್ತು. ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಎಲ್ಲವೂ ಸುಳ್ಳಾದೀತು ಎನ್ನಿಸಿ ಕಾಗದವನ್ನು ಮಡಿಸಿಡುತ್ತಿದ್ದೆ. ಇಂದು ಬರೆಯುತ್ತಿದ್ದೇನೆ. ನಿನ್ನ ಹಾಗೆಯೇ ಹೊರಡಲು ಸಿದ್ಧರಾಗಿರುವ ಬೇರೆಯವರ ಕಣ್ಣಿಗೂ ಬೀಳಲೆಂದು ಎಲ್ಲರೂ ಓದುವಂತೆಯೇ ಬರೆಯುತ್ತಿದ್ದೇನೆ. ಮೂರನೆಯ ಟವೆಲ್ಲಿನ ವಿಷಯವೂ ನಡುವೆ ಬರುತ್ತದೆ. ಅದರ ಹಿಂದಿನ ಕತೆಯನ್ನು ಯಾರಿಗೂ ಬಿಡಿಸಿ ಹೇಳುವುದಿಲ್ಲವೆಂದು ನಾವಿಬ್ಬರೂ ಒಪ್ಪಿಕೊಂಡಿರುವುದರಿಂದ ಉಳಿದ ಓದುಗರು ಕ್ಷಮಿಸಬೇಕು.

ಮೊದಲು ದಾರಿಯ ಮಾತು. ಚಲಿಸುತ್ತಿರುವ ಟ್ರೇಲರಿನೊಳಗೆ ನಾಯಿಯನ್ನು ಎಂದಿಗೂ ಬಿಡಬೇಡ. ಒಳಗೆ ಹಾಸಿಗೆಯಿದೆ, ನೀರಿದೆ, ಓಡಾಡಲು ಜಾಗವಿದೆ, ಕಾರಿಗಿಂತ ಅಲ್ಲಿಯೇ ಆರಾಮ ಎಂದು ಯಾರಿಗಾದರೂ ತೋರುತ್ತದೆ, ನನಗೂ ತೋರಿತ್ತು. ಆಗ ಒಂದು ಹಳೆಯ ಫೋನಿನ ಕ್ಯಾಮೆರಾವನ್ನು ಚಾಲೂ ಮಾಡಿ, ಖಾಲಿ ಟ್ರೇಲರಿನೊಳಗೆ ಇಟ್ಟು, ಹತ್ತು ಕಿಲೋಮೀಟರ್ ಎಳೆದುಕೊಂಡು ಹೋಗಿ ನೋಡಿದೆ. ರಸ್ತೆಯ ಪ್ರತಿಯೊಂದು ಗುಂಡಿಗೂ ನೆಲವೇ ಎಗರುತ್ತಿತ್ತು. ಕಪಾಟಿನ ಬಾಗಿಲೊಂದು ತಾನಾಗಿ ತೆರೆದುಕೊಂಡು ದಪ್ಪ ತಳದ ಪಾತ್ರೆ ಕೆಳಗೆ ಬಿತ್ತು, ಬಿದ್ದದ್ದು ಭೈರನ ಹಾಸಿಗೆಯ ನಡುಮಧ್ಯದಲ್ಲಿ. ಆ ಮೂರು ಸೆಕೆಂಡುಗಳ ದೃಶ್ಯವನ್ನು ನೋಡಿದ ಮೇಲೆ ಇನ್ನೊಂದು ಕಾರಣ ಬೇಕೆನಿಸಲಿಲ್ಲ. ನಾಯಿ ನಮ್ಮ ಜೊತೆ ಕಾರಿನ ಹಿಂದಿನ ಸೀಟಿನಲ್ಲಿಯೇ ಇರಬೇಕು. ಎದೆಗೆ ತೊಡಿಸುವ ಹಾರ್ನೆಸ್ಸನ್ನು ಸೀಟ್ ಬೆಲ್ಟಿಗೆ ಸಿಕ್ಕಿಸು, ಇಲ್ಲವೇ ಅಲುಗದಂತೆ ಬಿಗಿದ ಪಂಜರದಲ್ಲಿ ಮಲಗಿಸು. ಕೊರಳಪಟ್ಟಿಗೆ ಮಾತ್ರ ಬೆಲ್ಟನ್ನು ಕಟ್ಟಬೇಡ, ತಟ್ಟನೆ ಬ್ರೇಕು ಹಾಕಿದರೆ ಇಡೀ ಭಾರ ಕತ್ತಿನ ಮೇಲೆ ಬೀಳುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಏನಕ್ಕಾದರೂ ಗುದ್ದಿ ನಿಂತರೆ, ಕಟ್ಟದೆ ಕೂರಿಸಿದ ನಾಯಿ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮೇಲಿನಿಂದ ಬಿದ್ದಷ್ಟೇ ಪೆಟ್ಟು ಅದು. ಮುಂದಿನ ಸೀಟು ಬೇಡ, ಏರ್‌ಬ್ಯಾಗ್ ಇರುವುದು ಮನುಷ್ಯರ ಮೈಕಟ್ಟಿನ ಲೆಕ್ಕಕ್ಕೆ.

ಪುಟ್ಟಿ ಕಿಟಕಿಯಿಂದ ತಲೆ ಹೊರಹಾಕಲು ಎಷ್ಟು ಹಟ ಮಾಡುತ್ತಾಳೆಂದು ನಿನಗೆ ಗೊತ್ತು. 1903ರಲ್ಲಿ ಹೊರೇಷಿಯೋ ನೆಲ್ಸನ್ ಜಾಕ್ಸನ್ ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿನವರೆಗೆ 63 ದಿನಗಳಲ್ಲಿ ಅಮೆರಿಕವನ್ನು ಮೊದಲ ಬಾರಿಗೆ ಕಾರಿನಲ್ಲಿ ದಾಟಿದಾಗ, ದಾರಿಯಲ್ಲಿ ಜೊತೆಯಾದ ಬಡ್ ಎಂಬ ನಾಯಿಗೆ ಧೂಳಿನಿಂದ ಕಣ್ಣು ಉರಿಯುತ್ತದೆಂದು ಕನ್ನಡಕವನ್ನೇ ತೊಡಿಸಿದ್ದರು. ಆ ಚಿತ್ರದಲ್ಲಿ ಬಡ್ ಕುಳಿತಿರುವ ಠೀವಿಯನ್ನು ನೋಡಿ ನಾನೂ ಪುಟ್ಟಿಗೊಂದು ತಂದೆ. ಅವಳು ಅದನ್ನು ಒಂದು ನಿಮಿಷವೂ ಉಳಿಸಿಕೊಳ್ಳಲಿಲ್ಲ. ಹಾಗಾಗಿ ಗಾಜನ್ನು ಮೂಗು ತೂರುವಷ್ಟು ಮಾತ್ರ ಇಳಿಸುತ್ತೇನೆ. ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ, ಎರಡು ಗಂಟೆಗೊಮ್ಮೆ ನಿಲ್ಲಿಸು, ಹಗ್ಗ ಕೈಯಲ್ಲಿದೆಯೆಂದು ಖಾತ್ರಿಯಾದ ಮೇಲೆಯೇ ಬಾಗಿಲು ತೆರೆ. ಗುರುತಿಗಾಗಿ ನಾಯಿಯ ಚರ್ಮದಡಿ ಇಡಿಸುವ ಮೈಕ್ರೋಚಿಪ್ಪಿಗೆ ಬ್ಯಾಟರಿಯಿಲ್ಲ, ನಾಯಿ ಎಲ್ಲಿದೆಯೆಂದು ಅದು ತೋರಿಸುವುದಿಲ್ಲ. ಯಾರಾದರೂ ಸ್ಕ್ಯಾನರ್ ಹಿಡಿದಾಗ 15 ಅಂಕಿಗಳ ಸಂಖ್ಯೆಯೊಂದನ್ನು ಕೊಡುತ್ತದೆ, ಅಷ್ಟೆ. ಆ ಸಂಖ್ಯೆಯ ಎದುರು ನಿನ್ನ ಈಗಿನ ಫೋನ್ ನಂಬರ್ ದಾಖಲಾಗಿದೆಯೇ ಎಂದು ಈ ವಾರವೇ ನೋಡಿಕೋ.

ತಂಗುವ ಜಾಗ ತಲುಪಿದ ಮೇಲೆ ನಾಯಿಯನ್ನು ಒಳಗೆ ಬಿಡುವ ಮೊದಲು ಚಕ್ರಗಳಿಗೆ ತಡೆ ಕೊಟ್ಟು, ಟ್ರೇಲರನ್ನು ಅಲುಗದಂತೆ ಹಿಡಿದಿಡುವ ನಾಲ್ಕೂ ಮೂಲೆಯ ಜಾಕುಗಳನ್ನು ಇಳಿಸು. ನಾವು ಒಂದು ಹೆಜ್ಜೆಯಿಟ್ಟರೆ ಸಾಕು, ಜಾಕಿಲ್ಲದ ಟ್ರೇಲರ್ ತೊಟ್ಟಿಲಿನಂತೆ ತೂಗುತ್ತದೆ. ನಮಗೆ ಅದು ಗೊತ್ತೇ ಆಗುವುದಿಲ್ಲ, ನಾಯಿಗೆ ನೆಲವೇ ನಂಬಿಕೆಗೆ ಅರ್ಹವಲ್ಲವೆಂದು ತೋರುತ್ತದೆ. ಜಾರುವ ನೆಲದ ಮೇಲೆ ತಳದಲ್ಲಿ ರಬ್ಬರ್ ಇರುವ ಚಾಪೆ ಹಾಸು. ಮೆಟ್ಟಿಲುಗಳ ನಡುವಿನ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳಬಹುದು, ಅದನ್ನೂ ಮುಚ್ಚು. ಭೈರನಿಗೆ ಈಗ ಹನ್ನೆರಡು ತುಂಬಿದೆ, ಅವನಿಗೆ ಇಳಿಜಾರು ಹಲಗೆಯೇ ಬೇಕು.

ಗ್ಯಾಸಿನ ವಿಷಯವನ್ನು ಮಾತ್ರ ನಿಧಾನವಾಗಿ ಓದು. ಅಡುಗೆಗೂ ಹೀಟರಿಗೂ ಬಳಸುವ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಅದು ನೆಲದ ಮಟ್ಟದಲ್ಲಿ, ಅಂದರೆ ಸರಿಯಾಗಿ ನಾಯಿ ಮಲಗುವ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕಾಗಿಯೇ ಅದರ ಅಲಾರ್ಮನ್ನು ನೆಲದಿಂದ ಗೇಣೆತ್ತರದಲ್ಲಿ ಕೂರಿಸಿರುತ್ತಾರೆ. ನಾನು ಒಂದು ವರ್ಷ ಭೈರನ ಹಾಸಿಗೆಯನ್ನು ಆ ಅಲಾರ್ಮಿಗೇ ಒತ್ತಿ ಇಟ್ಟಿದ್ದೆ. ಹಾಸಿಗೆಯ ಅಂಚು ಅದರ ರಂಧ್ರಗಳನ್ನು ಪೂರ್ತಿ ಮುಚ್ಚಿತ್ತು, ಕೂದಲು ಅಂಟಿಕೊಂಡಿತ್ತು. ಗ್ಯಾಸು ಸರಿಯಾಗಿ ಉರಿಯದಿದ್ದಾಗ ಹುಟ್ಟುವ, ವಾಸನೆಯಿಲ್ಲದ ವಿಷಾನಿಲವಾದ ಇಂಗಾಲದ ಮಾನಾಕ್ಸೈಡಿಗೆ ಬೇರೆಯ ಅಲಾರ್ಮ್ ಬೇಕು. ಈ ಅಲಾರ್ಮುಗಳ ಬ್ಯಾಟರಿ ಮುಗಿಯುತ್ತ ಬಂದಾಗ ಒಂದು ನಿಮಿಷಕ್ಕೊಮ್ಮೆಯೋ ಏನೋ ಚಿಕ್ಕದಾಗಿ ಕೀಚಲು ದನಿ ಮಾಡುತ್ತವಲ್ಲ, ಅಂತಹ ಎತ್ತರದ, ಬಿಟ್ಟುಬಿಟ್ಟು ಬರುವ ದನಿಗಳು ನಾಯಿಗಳನ್ನು ತೀವ್ರವಾಗಿ ಹೆದರಿಸುತ್ತವೆಯೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ್ದಾರೆ. ಪುಟ್ಟಿ ಒಮ್ಮೆ ಇಡೀ ದಿನ ಮಂಚದ ಕೆಳಗೆ ಕುಳಿತು ತುಟಿ ನೆಕ್ಕುತ್ತ, ಆಕಳಿಸುತ್ತ, ಸಣ್ಣಗೆ ನಡುಗುತ್ತಿದ್ದಳು. ಗಲಾಟೆಯಿಲ್ಲದೆ ಮಲಗಿದ್ದಾಳೆ, ಇವತ್ತು ಒಳ್ಳೆಯ ಹುಡುಗಿ ಎಂದು ನಾನು ಅವಳನ್ನು ಹೊಗಳಿದ್ದೆ.

ಇಲ್ಲಿಗೆ ಬಂದಾಗಲೆಲ್ಲ ನನ್ನ ಕೈ ನಿಲ್ಲುತ್ತಿತ್ತು. ನಾಯಿ ಸುಮ್ಮನಿದ್ದರೆ ಸುಖವಾಗಿದೆ ಎಂದು ನಾನು ಎಷ್ಟು ವರ್ಷಗಳಿಂದ ನಂಬಿಕೊಂಡು ಬಂದಿದ್ದೆ!

ಕಳೆದ ಬೇಸಿಗೆಯಲ್ಲಿ ನಾನು ಬೆಟ್ಟದ ಹಾದಿ ಹತ್ತಲು ಹೋಗಿದ್ದಾಗ ನೀನು ಫೋನ್ ಮಾಡಿದ್ದೆ, ನೆನಪಿದೆಯೇ? ನಾಯಿಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇಬ್ಬರನ್ನೂ ಟ್ರೇಲರಿನಲ್ಲಿ ಬಿಟ್ಟು, ಕಿಟಕಿಗಳನ್ನೂ ಮಾಡಿನ ಗಾಳಿಗಿಂಡಿಯನ್ನೂ ಮುಚ್ಚಿ, ಎಸಿ ಹಾಕಿ, ನಲವತ್ತು ನಿಮಿಷದಲ್ಲಿ ಬರುತ್ತೇನೆಂದು ಅವುಗಳಿಗೆ ಹೇಳಿಯೇ ಹೊರಟಿದ್ದೆ. ಒಳಗಿನ ತಾಪಮಾನ ಏರಿದರೆ ಫೋನಿಗೆ ಎಚ್ಚರಿಕೆ ಕಳಿಸುವ ಸಾಧನವೊಂದನ್ನು ಕೂರಿಸಿದ್ದೆನಾದ್ದರಿಂದ ನಿಶ್ಚಿಂತೆಯಾಗಿದ್ದೆ. ಆದರೆ ಎಸಿ, ಫ್ರಿಜ್, ನೀರು ಕಾಯಿಸುವ ಹೀಟರ್ ಮೂರನ್ನೂ ಒಂದೇ ಲೈನಿನ ಮೇಲೆ ಚಾಲೂ ಇಟ್ಟಿದ್ದೆ. ನಾನು ಹೊರಟ ಸ್ವಲ್ಪ ಹೊತ್ತಿಗೆ, ಹೊರೆ ಹೆಚ್ಚಾದರೆ ಕರೆಂಟನ್ನು ಕಡಿಯುವ ಬ್ರೇಕರ್ ಟ್ರಿಪ್ ಆಗಿದೆ. ಎಸಿ ನಿಂತಿದೆ. ಎಚ್ಚರಿಕೆಯ ಸಾಧನ ವೈಫೈ ಮೂಲಕ ಸುದ್ದಿ ಕಳಿಸುತ್ತಿತ್ತು, ಆ ವೈಫೈ ರೂಟರ್ ಕೂಡ ಅದೇ ಕರೆಂಟಿನ ಮೇಲಿತ್ತು. ಹೀಗಾಗಿ ಫೋನು ಸುಮ್ಮನಿತ್ತು, ಮತ್ತು ಫೋನು ಸುಮ್ಮನಿದೆಯೆಂದು ನಾನೂ ಸುಮ್ಮನಿದ್ದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಬಿಸಿಲಿನಲ್ಲಿ ನಿಲ್ಲಿಸಿದ ಕಾರೊಂದರ ಒಳಗಿನ ಶಾಖವನ್ನು ಅಳೆದು 2005ರಲ್ಲಿ ಪ್ರಕಟಿಸಿದ ಲೆಕ್ಕವನ್ನು ನಾನು ಆಮೇಲೆ ಓದಿದೆ. ಒಂದು ಗಂಟೆಯಲ್ಲಿ ಒಳಗಿನ ತಾಪಮಾನ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಆ ಏರಿಕೆಯ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲಿಯೇ ಆಗಿಬಿಡುತ್ತದೆ, ಗಾಜನ್ನು ಬೆರಳಗಲ ಇಳಿಸಿಟ್ಟರೂ ಹೇಳಿಕೊಳ್ಳುವಂತಹ ವ್ಯತ್ಯಾಸವಾಗುವುದಿಲ್ಲ. ಟ್ರೇಲರ್ ಕಾರಿಗಿಂತ ದೊಡ್ಡದು, ಗೋಡೆ ದಪ್ಪ, ಆದ್ದರಿಂದ ಸ್ವಲ್ಪ ನಿಧಾನವಾಗಿ ಕಾಯಬಹುದು, ಕಾಯುವುದಂತೂ ತಪ್ಪದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನಲ್ಲಿ ಒಂದಿಷ್ಟು ಬೆವರಬಹುದಷ್ಟೆ. ತೇಕುವುದೇ ಅದಕ್ಕಿರುವ ಮುಖ್ಯ ದಾರಿ, ಗಾಳಿ ಬಿಸಿಯೂ ತೇವವೂ ಆದಾಗ ಅದೂ ಕೈಕೊಡುತ್ತದೆ. ಪಗ್, ಬುಲ್‌ಡಾಗ್‌ನಂತಹ ಚಪ್ಪಟೆ ಮೂಗಿನವುಗಳಿಗೆ ಇನ್ನೂ ಬೇಗ.

ನಾನು ಬಾಗಿಲು ತೆರೆದಾಗ ಒಳಗಿನ ಗಾಳಿ ಒಲೆಯ ಬಾಯಿಯಿಂದ ಬಂದಂತೆ ಮುಖಕ್ಕೆ ಬಡಿಯಿತು. ಪುಟ್ಟಿ ಬಾಗಿಲ ರಬ್ಬರಿನ ಒಂದು ಮೂಲೆಯನ್ನು ಕಚ್ಚಿ ಹರಿದು, ಆ ಕಿರುಬೆರಳಿನಷ್ಟು ಸಂದಿಗೆ ಮೂಗು ಒತ್ತಿಕೊಂಡು ಕುಳಿತಿದ್ದಳು. ನಾನು ಒಳಗೆ ಬರುವ ಮೊದಲೇ ನನ್ನ ಕಾಲ ಸಂದಿಯಲ್ಲಿ ನುಸುಳಿ ಹೊರಗೆ ಓಡಿದಳು. ಭೈರ ಕಾಣಲಿಲ್ಲ. ಅವನು ಬಚ್ಚಲಿನ ನೆಲದ ಮೇಲೆ, ಇಡೀ ಟ್ರೇಲರಿನಲ್ಲಿ ಉಳಿದ ಒಂದೇ ತಂಪು ಜಾಗದಲ್ಲಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿ ನಾಲ್ಕೂ ಕಾಲು ಚಾಚಿ ಮಲಗಿದ್ದ. ನಾಲಿಗೆ ಅಗಲವಾಗಿ ಪಕ್ಕಕ್ಕೆ ಬಿದ್ದಿತ್ತು, ಜೊಲ್ಲು ಗೋಂದಿನಂತೆ ಗಟ್ಟಿಯಾಗಿತ್ತು, ವಸಡು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅವನು ಬೊಗಳಿರಲಿಲ್ಲ. ಪಕ್ಕದ ಟ್ರೇಲರಿನವರು ಆ ಹೊತ್ತಿಡೀ ಹತ್ತೇ ಹೆಜ್ಜೆ ದೂರದಲ್ಲಿ ಕುಳಿತಿದ್ದರು, ಒಂದು ಸದ್ದೂ ಅವರಿಗೆ ಕೇಳಿಸಿರಲಿಲ್ಲ.

ಎತ್ತಿಕೊಂಡು ಬಂದು ನೆರಳಲ್ಲಿ ಮಲಗಿಸಿ ನೀರು ಸುರಿದೆ. ಗಾಬರಿಯಲ್ಲಿ ಆ ಮೂರನೆಯ ಟವೆಲ್ಲನ್ನೇ ಒದ್ದೆ ಮಾಡಿ ಅವನ ಮೇಲೆ ಹೊದೆಸಿದ್ದೆ. ಫೋನಿನಲ್ಲಿ ಸಿಕ್ಕ ಪಶುವೈದ್ಯರು ಮೊದಲು ಅದನ್ನು ತೆಗೆಸಿದರು. ಹೊದೆಸಿದ ಬಟ್ಟೆ ಬೇಗ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದಂತೆ. ತಂಪು ನೀರನ್ನು ಸುರಿಯುತ್ತಲೇ ಇರಬೇಕು, ಗಾಳಿ ಬೀಸುತ್ತಲೇ ಇರಬೇಕು, ಮೊದಲು ತಂಪು ಮಾಡಿ ಆಮೇಲೆ ಆಸ್ಪತ್ರೆಗೆ ಹೊರಡಬೇಕು ಎಂದರು. ನಾಯಿಯ ಮೈಯ ಸಹಜ ತಾಪ 38.3ರಿಂದ 39.2 ಡಿಗ್ರಿ, 41 ದಾಟಿದರೆ ಜೀವಕ್ಕೇ ಅಪಾಯ. ಹತ್ತು ನಿಮಿಷ ನೀರು ಸುರಿದ ಮೇಲೆಯೂ ಭೈರನದು 40.6 ಇತ್ತು. ಅವನು ಉಳಿದ. ಮೂತ್ರಪಿಂಡದ ಹಾನಿ ತಡವಾಗಿ ತೋರಬಹುದೆಂದು ಎರಡು ದಿನ ರಕ್ತ ಪರೀಕ್ಷೆ ಮಾಡಿದರು, ಅದೂ ಸರಿಯಾಗಿ ಬಂತು.

ಈಗ ಹೇಳಬೇಕಾದದ್ದು ಇದು. ಬೆಟ್ಟದ ಮೇಲೆ ನಿನ್ನ ಫೋನ್ ಬಂದಾಗ ನೀನು ಕೇಳಿದ ಮೊದಲ ಪ್ರಶ್ನೆಯೇ ನಾಯಿಗಳು ಹೇಗಿವೆ ಎಂಬುದು. ಈಗ ತಾನೇ ನೋಡಿದೆ, ಒಳಗೆ 24 ಡಿಗ್ರಿ ಇದೆ, ಇಬ್ಬರೂ ಮಲಗಿದ್ದಾರೆ ಎಂದು ನಾನು ಹೇಳಿದೆ. ನಾನು ನೋಡಿರಲಿಲ್ಲ. ನೋಡಿದ್ದರೆ ಫೋನಿನಲ್ಲಿ ಆ 24ರ ಪಕ್ಕದಲ್ಲಿದ್ದ ಸಮಯ ಅರ್ಧ ಗಂಟೆ ಹಳೆಯದೆಂದು ಆಗಲೇ ತಿಳಿಯುತ್ತಿತ್ತು. ಮತ್ತೆ, ನಲವತ್ತು ನಿಮಿಷ ಎಂದು ಹೋದವನು ಒಂದೂವರೆ ಗಂಟೆ ಕುಳಿತದ್ದು ದಾರಿ ಉದ್ದವಿತ್ತೆಂದಲ್ಲ. ಭೈರನಿಗೆ ವಯಸ್ಸಾದಂದಿನಿಂದ ರಾತ್ರಿ ಮೂರು ಬಾರಿ ಏಳಬೇಕು, ಅವನನ್ನು ಎತ್ತಿ ಇಳಿಸಬೇಕು, ಒದ್ದೆಯಾದ ಹಾಸಿಗೆ ಬದಲಿಸಬೇಕು. ಎಷ್ಟೋ ತಿಂಗಳಿಂದ ನಾನು ಪೂರ್ತಿ ನಿದ್ರೆ ಮಾಡಿರಲಿಲ್ಲ. ಅವನಿಲ್ಲದ ಆ ಬಂಡೆಯ ಮೇಲೆ ನನಗೆ ಹಾಯೆನಿಸಿತ್ತು. ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪ ಹೊತ್ತು ಎಂದು ಕುಳಿತೆ. ಅವನನ್ನು ನಾನು ಎಷ್ಟು ಪ್ರೀತಿಸುತ್ತೇನೆಂದು ನಿನಗೆ ಗೊತ್ತಿದೆ. ಆ ಒಂದೂವರೆ ಗಂಟೆಯ ಹಾಯೂ ನಿಜವಾಗಿತ್ತು.

ಇಷ್ಟನ್ನು ಬರೆಯಬೇಕೆಂದು ಕುಳಿತಿರಲಿಲ್ಲ. ಇರಲಿ, ಬರೆದಾಯಿತು, ಅಳಿಸುವುದಿಲ್ಲ. ಕೆಲಸದ ಮಾತಿಗೆ ಬರುತ್ತೇನೆ.

ಎಚ್ಚರಿಕೆಯ ಸಾಧನ ಕೊಳ್ಳುವಾಗ ಅದಕ್ಕೆ ಸ್ವಂತ ಸಿಮ್ ಮತ್ತು ಸ್ವಂತ ಬ್ಯಾಟರಿ ಇರಲೇಬೇಕು, ಕರೆಂಟು ಹೋದದ್ದನ್ನೂ ಅದು ತಿಳಿಸಬೇಕು. ಕೊಂಡ ಮೇಲೆ ನಾಯಿಯನ್ನು ಹೊರಗೆ ಕಟ್ಟಿ, ನೀನೇ ಬ್ರೇಕರ್ ಇಳಿಸಿ, ಫೋನಿಗೆ ಸುದ್ದಿ ಎಷ್ಟು ನಿಮಿಷದಲ್ಲಿ ಬರುತ್ತದೆಂದು ನೋಡು. ಬ್ರೇಕರನ್ನು ಮತ್ತೆ ಏರಿಸಿದಾಗ ಎಸಿ ತಾನಾಗಿ ಶುರುವಾಗುತ್ತದೆಯೇ ಎಂಬುದನ್ನೂ ನೋಡಿಕೋ. ನನ್ನದು ಗುಂಡಿ ಒತ್ತುವವರೆಗೆ ಶುರುವಾಗುವುದಿಲ್ಲ. ನಾನು ಈಗ ಎಚ್ಚರಿಕೆಯನ್ನು 27 ಡಿಗ್ರಿಗೆ ಇಟ್ಟಿದ್ದೇನೆ. ಹೋದರೂ ಹತ್ತು ನಿಮಿಷದಲ್ಲಿ ಓಡಿ ಬರುವಷ್ಟು ದೂರ ಮಾತ್ರ. ಬಾಗಿಲಿಗೆ ನನ್ನ ನಂಬರ್ ಅಂಟಿಸಿ, ಪಕ್ಕದವರಿಗೆ ಒಂದು ಮಾತು ಹೇಳಿ, ಒಂದು ಕೀಲಿಯನ್ನೂ ಕೊಟ್ಟು ಹೋಗುತ್ತೇನೆ. ಬಿಸಿಲಿನ ದಿನಗಳಲ್ಲಿ ಹೋಗುವುದೇ ಇಲ್ಲ.

ಪುಟ್ಟಿ ಆರಾಮವಾಗಿದ್ದಾಳೆ. ಹೊಸ ರಬ್ಬರ್ ಹಾಕಿಸಿದ ಬಾಗಿಲನ್ನು ದಿನವೂ ಒಮ್ಮೆ ಮೂಸಿ ನೋಡಿ, ಅತ್ತ ಕಡೆಯ ಮೂಲೆ ಭದ್ರವಾಗಿದೆಯೆಂದು ಖಾತ್ರಿಪಡಿಸಿಕೊಂಡು, ನನ್ನ ಎಡಗಾಲಿನ ಕಾಲುಚೀಲವನ್ನು ಕದ್ದುಕೊಂಡು ಹೋಗುತ್ತಾಳೆ. ಎಡಗಾಲಿನದೇ ಏಕೆಂದು ನೀನು ಬಂದಾಗ ಅವಳನ್ನೇ ಕೇಳಬೇಕು. ನಿನ್ನವನಿಗೂ ಅವಳಿಗೂ ಪರಿಚಯವಾದ ಮೇಲೆ ಕಾಲುಚೀಲಗಳ ಗತಿ ಏನಾಗುವುದೋ ನೋಡೋಣ. ಬರುವಾಗ ಟವೆಲ್ ತರಬೇಕಾದದ್ದು ಯಾರೆಂದು ನಾನು ಹೇಳಬೇಕಿಲ್ಲ.

ಈಗ ರಾತ್ರಿ ಎರಡು ಗಂಟೆ. ಭೈರ ಎದ್ದು, ಸದ್ದು ಮಾಡದೆ, ಬಾಗಿಲ ಕಡೆ ಮುಖ ಮಾಡಿ ನಿಂತಿದ್ದಾನೆ. ನಿಂತು ಎಷ್ಟು ಹೊತ್ತಾಯಿತೋ, ನಾನು ಬರೆಯುತ್ತ ನೋಡಲಿಲ್ಲ. ಹಲಗೆ ಹಾಕಿ ಅವನನ್ನು ಇಳಿಸಬೇಕು. ಏಳುತ್ತೇನೆ.

ನಿನ್ನವನೇ ಆದ,
ಭೈರ ಪುಟ್ಟಿಯರ ಯಜಮಾನ